ಹೊಸ ನರ್ಸ್‌ಗಳನ್ನು ಒಂಟಿಯಾಗಿ ರಾತ್ರಿ ಪಾಳಿಗೆ ಹಾಕಬೇಡಿ

ಮಾನ್ಯರೇ,

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ನೋಂದಣಿ ಮಾಡಿಸಿಕೊಂಡು ಕೆಲಸಕ್ಕೆ ಸೇರುವ ಮಕ್ಕಳನ್ನು ಮೊದಲ ವಾರದಲ್ಲೇ ರಾತ್ರಿ ಪಾಳಿಗೆ ಒಂಟಿಯಾಗಿ ಹಾಕುವ ರೂಢಿಯನ್ನು ನಾನು ಮೂವತ್ತು ವರ್ಷಗಳ ಸೇವೆಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಇದು ನಿಲ್ಲಬೇಕು.

ಒಂದು ಬೆಳಗಿನ ಜಾವ ಪಕ್ಕದ ವಾರ್ಡಿನ ಹೊಸ ಹುಡುಗಿ ಇನ್ಸುಲಿನ್ ಬಾಟಲಿ, ಸಿರಿಂಜು ಹಿಡಿದು ನನ್ನಲ್ಲಿಗೆ ಓಡಿಬಂದು, "ಸಿಸ್ಟರ್, ಇದಕ್ಕೆ ಇದು ಆಗುತ್ತಾ?" ಎಂದು ಕೇಳಿದಳು. ಬಾಟಲಿ ಮಿಲಿಲೀಟರಿಗೆ 100 ಯೂನಿಟ್‌ನದು; ಸಿರಿಂಜು ಕೆಂಪು ಮುಚ್ಚಳದ್ದು, ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್‌ಗಾಗಿ ಗೆರೆ ಹಾಕಿದ್ದು. ಅದರಲ್ಲಿ 10ರ ಗೆರೆಯವರೆಗೆ ಎಳೆದಿದ್ದರೆ ರೋಗಿಯ ಮೈಗೆ 10ರ ಬದಲು 25 ಯೂನಿಟ್ ಸೇರುತ್ತಿತ್ತು. ಅವಳಿಗೆ ಪಾಠ ಗೊತ್ತಿರಲಿಲ್ಲವೆಂದಲ್ಲ, ಅನುಮಾನ ಬಂದದ್ದೇ ಗೊತ್ತಿದ್ದರಿಂದ. ಆದರೆ ಅವಳ ವಾರ್ಡಿನಲ್ಲಿ ಕೇಳಲು ಯಾರೂ ಇರಲಿಲ್ಲ, ಕೇಳಲು ಬಂದ ಹೊತ್ತಿನಲ್ಲಿ ಅಲ್ಲಿನ ರೋಗಿಗಳನ್ನು ನೋಡುವವರೂ ಇರಲಿಲ್ಲ. ಆ ಹುಡುಗಿಯ ನಡುಗುತ್ತಿದ್ದ ಕೈ ನನಗೆ ಇಂದಿಗೂ ನೆನಪಿದೆ.

ವಿದ್ಯಾರ್ಥಿನಿಯಾಗಿದ್ದಾಗ ಒಂದೇ ಹಾಸಿಗೆಯ ಸುತ್ತ ಹತ್ತು ಜನ ನಿಂತು ಕಲಿತವಳು, ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ನಲ್ಲೂ ಬೇರೊಬ್ಬರ ಸಹಿಯ ನೆರಳಿನಲ್ಲೇ ಕೆಲಸ ಮಾಡಿದವಳು, ಸೇರಿದ ದಿನದಿಂದಲೇ ಔಷಧ ಚಾರ್ಟಿಗೆ ತನ್ನ ಸಹಿ ಹಾಕಬೇಕಾಗುತ್ತದೆ. ರಾತ್ರಿ ಎರಡು ಗಂಟೆಗೆ ವೈದ್ಯರಿಗೆ ಫೋನ್ ಮಾಡಿದಾಗ ಬಿ.ಪಿ., ನಾಡಿಬಡಿತ, ಮೂತ್ರದ ಪ್ರಮಾಣವನ್ನು ಯಾವ ಕ್ರಮದಲ್ಲಿ ಹೇಳಬೇಕು, ಬೈದರೆ ಏನು ಮಾಡಬೇಕು ಎಂಬುದೆಲ್ಲ ಹಿರಿಯರ ಜೊತೆಗಿದ್ದೇ ಕಲಿಯುವಂಥದ್ದು.

ಆದ್ದರಿಂದ ಮೊದಲ ಮೂರು ತಿಂಗಳು ಪ್ರತಿ ಹೊಸಬರಿಗೆ ಒಬ್ಬ ಅನುಭವಿ ನರ್ಸ್‌ನ್ನು ಜೊತೆಮಾಡಿ, ಇಬ್ಬರನ್ನೂ ಒಂದೇ ಪಾಳಿಯಲ್ಲಿ ಇಡಬೇಕು. ಕಲಿಸುವವರ ಪಾಲಿನ ರೋಗಿಗಳ ಸಂಖ್ಯೆಯನ್ನು ಕಡಿಮೆ ಮಾಡದೆ ಹೋದರೆ ಈ ವ್ಯವಸ್ಥೆ ಕಾಗದದಲ್ಲೇ ಉಳಿಯುತ್ತದೆ; ಮೈಮುರಿಯುವಷ್ಟು ಕೆಲಸವಿರುವವರು ಯಾರಿಗೆ ತಾನೇ ಕಲಿಸಿಯಾರು? ಬ್ರಿಟನ್ನಿನ ನರ್ಸಿಂಗ್ ಮಂಡಳಿ ಹೊಸಬರಿಗೆ ಇಂಥ ಆಸರೆ ಕೊಡುವ ಕುರಿತು 2020ರಲ್ಲೇ ಮಾರ್ಗಸೂತ್ರಗಳನ್ನು ಪ್ರಕಟಿಸಿದೆ. ನಮ್ಮಲ್ಲಿ ಓದಿದ ಮಕ್ಕಳು ಈ ಆಸರೆಗಾಗಿ ಕಡಲು ದಾಟಬೇಕೆ?

ಸಿಬ್ಬಂದಿ ಸಾಲದು ಎಂಬ ಉತ್ತರ ಬರುತ್ತದೆಂದು ಬಲ್ಲೆ. ಆದರೆ ಹೆದರಿ ಕೆಲಸ ಬಿಟ್ಟು ಹೋದವಳ ಜಾಗಕ್ಕೆ ಇನ್ನೊಬ್ಬ ಹೊಸಬಳನ್ನೇ ತಂದು ನಿಲ್ಲಿಸುವುದರಿಂದ ಆ ಕೊರತೆ ನೀಗುವುದಿಲ್ಲ. ಆರೋಗ್ಯ ಇಲಾಖೆಯು ಮೊದಲ ಹೆಜ್ಜೆಯಾಗಿ, ಮೂರು ತಿಂಗಳು ತುಂಬದ ಯಾರ ಹೆಸರನ್ನೂ ರಾತ್ರಿ ಪಾಳಿಯ ಪಟ್ಟಿಯಲ್ಲಿ ಒಂಟಿಯಾಗಿ ಬರೆಯಬಾರದೆಂದು ಜಿಲ್ಲಾ ಆಸ್ಪತ್ರೆಗಳಿಗೆ ಲಿಖಿತ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶುಶ್ರೂಷಾಧಿಕಾರಿ, ಹಾಸನ