ಮಗುವನ್ನು ಕಚೇರಿಗೆ ಕರೆಸಬೇಡಿ ಸರ್: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮ ಭಾವ ತೀರಿಕೊಂಡು 14 ತಿಂಗಳಾಯ್ತು. ಸಾಲ ತಾಳಲಾರದೆ ಜೀವ ಕಳೆದುಕೊಂಡರು. ಅಕ್ಕ ಮತ್ತು ಅವಳ ಏಳು ವರ್ಷದ ಮಗಳು ಈಗ ನಮ್ಮ ಮನೆಯಲ್ಲೇ ಇದ್ದಾರೆ. ಮಕ್ಕಳ ರಕ್ಷಣೆಗಾಗಿ ಇರುವ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಂದೆಯಿಲ್ಲದ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ ಅಂತ ಗೊತ್ತಾಗಿ ಅರ್ಜಿ ಹಾಕಿದೆವು. ಹಳ್ಳಿಯವರಾದರೆ ವರ್ಷದ ಆದಾಯ 72,000 ದಾಟಬಾರದು. ಅಕ್ಕನಿಗೆ ಅದರ ಅರ್ಧವೂ ಇಲ್ಲ.

ಕಚೇರಿಯಲ್ಲಿ ಒಂದು ಸಲ ಮರಣ ಪ್ರಮಾಣ ಪತ್ರ ಸರಿಯಿಲ್ಲ ಅಂದರು. ಇನ್ನೊಂದು ಸಲ ಆದಾಯ ಪತ್ರದ ಅವಧಿ ಮುಗಿದಿದೆ ಅಂದರು. ಆಮೇಲೆ ಬ್ಯಾಂಕ್ ಪಾಸ್‌ಬುಕ್. ಪ್ರತಿ ಸಲ ಅಕ್ಕ ಒಂದು ದಿನದ ಕೂಲಿ ಬಿಟ್ಟು ಬಂದಳು. ಅದನ್ನೆಲ್ಲ ಸಹಿಸಿಕೊಂಡೆವು. ಐದನೇ ಸಲ ಮಗುವನ್ನೇ ಕರ್ಕೊಂಡು ಬನ್ನಿ ಅಂದರು.

ಕರ್ಕೊಂಡು ಹೋದೆವು. ಹಿಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಮೇಜಿನ ಹಿಂದೆ ಕೂತವರು ಕಾಗದ ತಿರುವುತ್ತಾ, ಎಲ್ಲರಿಗೂ ಕೇಳುವ ಹಾಗೆ, "ಓ, ಆತ್ಮಹತ್ಯೆ ಕೇಸಾ?" ಅಂದರು. ಮಗು ಅಲ್ಲೇ, ಅಕ್ಕನ ಸೆರಗು ಹಿಡಿದು ನಿಂತಿತ್ತು. ಅಪ್ಪನಿಗೆ ಹುಷಾರಿರಲಿಲ್ಲ, ಹೋಗಿಬಿಟ್ಟರು ಅಂತಷ್ಟೇ ಅವಳಿಗೆ ಹೇಳಿದ್ದೆವು. ದೊಡ್ಡವಳಾದಂತೆ ನಿಧಾನಕ್ಕೆ ನಾವೇ ಹೇಳೋಣ ಅಂದುಕೊಂಡಿದ್ದೆವು. ವಾಪಸ್ ಬರುವಾಗ ಬಸ್ಸಲ್ಲಿ ಕೇಳಿದಳು, "ಮಾಮ, ಆತ್ಮಹತ್ಯೆ ಅಂದ್ರೇನು?" ಏನು ಹೇಳಲಿ ಸರ್? ಆವತ್ತಿಂದ ಅವಳು ರಾತ್ರಿ ಅಮ್ಮನ ಕೈ ಬಿಡದೆ ಮಲಗುತ್ತಾಳೆ. ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಹತ್ತಿರ ಕೂತಿರುತ್ತಾಳೆ.

ಇದಕ್ಕೆ ಯಾರು ಜವಾಬ್ದಾರಿ? ಹಣ ಮಂಜೂರು ಮಾಡುವ ಸಮಿತಿಗೆ ನೀವೇ ಅಧ್ಯಕ್ಷರು. ಮನೆಗೆ ಬಂದು ವಿಚಾರಿಸಿ ವರದಿ ಬರೆಯಬೇಕು ಅನ್ನೋದು ನಮಗಿಂತ ನಿಮಗೆ ಜಾಸ್ತಿ ಗೊತ್ತು. ಈ ಯೋಜನೆ ನೋಡಿಕೊಳ್ಳುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತಸಮಾಲೋಚಕರ ಹುದ್ದೆಯೂ ಇದೆ. ಹಾಗಿದ್ದ ಮೇಲೆ ಏಳು ವರ್ಷದ ಮಗುವನ್ನು ಸಾಲಿನಲ್ಲಿ ನಿಲ್ಲಿಸುವುದು ಯಾಕೆ? ಮನೆಗೆ ಬನ್ನಿ. ಮಕ್ಕಳ ಹತ್ತಿರ ಮಾತಾಡಲು ಕಲಿತವರನ್ನು ಕಳಿಸಿ. ಬೇಕಾದ ಕಾಗದವನ್ನೆಲ್ಲ ಒಂದೇ ಸಲ ಹೇಳಿ.

ಅಕ್ಕ ಒಂದು ರಾತ್ರಿ ತಡೆಯಲಾರದೆ 14416ಕ್ಕೆ, ಅದೇ ಮನಸ್ಸಿನ ನೋವಿಗೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿದ್ದಳು. ಆ ಕಡೆಯವರು "ನೀವು ಊಟ ಮಾಡಿದಿರಾ?" ಅಂತ ಮೊದಲು ಕೇಳಿದರಂತೆ. ಅಕ್ಕ ಅದನ್ನು ಇವತ್ತಿಗೂ ಹೇಳುತ್ತಾಳೆ. ಅದೂ ಸರ್ಕಾರದ್ದೇ ಅಲ್ವಾ? ಅಂಥ ಒಂದು ಮಾತು ನಿಮ್ಮ ಮೇಜಿನ ಹಿಂದೆ ಕೂತವರಿಗೆ ಯಾಕೆ ಬರುವುದಿಲ್ಲ?

ಅರ್ಜಿ ಇನ್ನೂ ಹಾಗೇ ಇದೆ. ಮತ್ತೆ ಕರೆದರೆ ಮಗುವನ್ನು ನಾನು ಕರ್ಕೊಂಡು ಬರುವುದಿಲ್ಲ. ನಾಲ್ಕು ಸಾವಿರ ಹೋದರೂ ಸರಿ. ಯಾವ ಮಗುವನ್ನೂ ಹಾಗೆ ಕರೆಸಬೇಡಿ. ಮನೆಗೆ ಯಾರನ್ನಾದರೂ ಕಳಿಸಿ. ಸಂಜೆ ಐದಕ್ಕೆ ಅವಳು ಶಾಲೆಯಿಂದ ಬಂದಿರುತ್ತಾಳೆ.

ಇಂತಿ,
ಆ ಮಗುವಿನ ಸೋದರಮಾವ