ತೋಟಗಳಲ್ಲಿ ಹಿರಿಯರನ್ನೂ ಕಿರಿಯರನ್ನೂ ಜೊತೆಯಾಗಿ ದುಡಿಸಿ

ಮಾನ್ಯರೇ,

ಕೊಡಗಿನ ಕಾಫಿ ತೋಟಗಳಲ್ಲಿ ಹಳಬರಿಗೂ ಹೊಸಬರಿಗೂ ಹೊಂದಾಣಿಕೆಯಿಲ್ಲ ಎಂಬ ದೂರು ಬೆಳೆಗಾರರ ನಡುವೆ ಪದೇ ಪದೇ ಕೇಳಿಬರುತ್ತಿದೆ. ಬಹುಕಾಲ ತೋಟಗಳ ಮೇಲ್ವಿಚಾರಣೆ ನೋಡಿಕೊಂಡಿರುವ ನನಗೆ, ಇದನ್ನು ತಲೆಮಾರುಗಳ ಜಗಳವೆಂದು ಕರೆದು ಕೈತೊಳೆದುಕೊಳ್ಳುವುದು ಸರಿಯೆನಿಸುವುದಿಲ್ಲ. ಯಾರ ಹೊಣೆ ಯಾವುದು, ಯಾವ ಕೆಲಸದಲ್ಲಿ ಯಾರ ಮಾತು ನಡೆಯಬೇಕು ಎಂಬುದನ್ನು ಆಡಳಿತವು ಸ್ಪಷ್ಟಪಡಿಸದಿರುವುದೇ ಹೆಚ್ಚಿನ ಮನಸ್ತಾಪಗಳಿಗೆ ಕಾರಣ.

ಕಾಫಿ ಗಿಡದ ಕಾಂಡವನ್ನು ಒಳಗಿನಿಂದ ಕೊರೆಯುವ ಕೀಟವಾದ ಬಿಳಿ ಕಾಂಡಕೊರಕದ ನಿರ್ವಹಣೆಯನ್ನೇ ನೋಡೋಣ. ಇದರ ದುಂಬಿಗಳು ಏಪ್ರಿಲ್‌-ಮೇ ಮತ್ತು ಅಕ್ಟೋಬರ್‌-ಡಿಸೆಂಬರ್ ಅವಧಿಯಲ್ಲಿ ಹೊರಬರುವುದರಿಂದ, ಅದಕ್ಕೆ ಮುನ್ನವೇ ಅರೇಬಿಕಾ ಕಾಫಿ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹುಳು ಹೊಕ್ಕವನ್ನು ಕಿತ್ತು ಸುಡಬೇಕಾಗುತ್ತದೆ. ಹಳದಿಗಟ್ಟಿ ಜೋತುಬಿದ್ದ ಎಲೆಗಳನ್ನೂ ಕಾಂಡದ ಮೇಲೆ ಉಬ್ಬಿದ ಗೆರೆಗಳನ್ನೂ ಅನುಭವಿ ಮೇಸ್ತ್ರಿ ನಡೆಯುತ್ತಲೇ ಗುರುತಿಸುತ್ತಾರೆ. ಆದರೆ ಯಾವ ಬ್ಲಾಕಿನಲ್ಲಿ ಎಷ್ಟು ಗಿಡ ಹೋಯಿತು, ನೆರಳು ತೆಳುವಾದ ಜಾಗದಲ್ಲೇ ಹೆಚ್ಚು ಹೋಯಿತೇ ಎಂಬ ವಿವರಗಳೆಲ್ಲ ಅವರ ನೆನಪಿನಲ್ಲಷ್ಟೇ ಇದ್ದು, ಅವರು ನಿವೃತ್ತರಾದ ದಿನವೇ ತೋಟದ ಕೈತಪ್ಪಿಹೋಗುತ್ತವೆ. ಪದವಿ ಮುಗಿಸಿ ಬಂದ ಕಿರಿಯರು ಇದನ್ನು ಮೊಬೈಲಿನಲ್ಲಿ ಜಾಗಸಮೇತ ದಾಖಲಿಸಬಲ್ಲರು. ಇಬ್ಬರನ್ನೂ ಒಟ್ಟಿಗೆ ತೋಟದೊಳಗೆ ನಡೆಸುವ ಬದಲು, ಮೇಸ್ತ್ರಿಯನ್ನು ತೋಟದಲ್ಲೂ ಕಿರಿಯರನ್ನು ಕಚೇರಿಯ ಕಂಪ್ಯೂಟರಿನ ಮುಂದೆಯೂ ಬಿಟ್ಟಿರುವ ಎಸ್ಟೇಟುಗಳನ್ನು ನಾನು ಕಂಡಿದ್ದೇನೆ. ರೊಬಸ್ಟಾ ಕಾಫಿಯ ಹೂವರಳಲು ಸ್ಪ್ರಿಂಕ್ಲರ್ ನೀರು ಕೊಡುವಾಗಲೂ ಹೀಗೆಯೇ: ಮೊಗ್ಗು ಬಲಿತಿದೆಯೇ ಎಂದು ಹೇಳಬಲ್ಲವರು ಒಬ್ಬರು, ಮುಂದಿನ ದಿನಗಳ ಮಳೆಯ ಮುನ್ಸೂಚನೆ ನೋಡಿ ಹೇಳಬಲ್ಲವರು ಇನ್ನೊಬ್ಬರು. ನೀರು ಸಾಲದೆ ಹೋದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ, ಆ ನಷ್ಟ ಇಡೀ ವರ್ಷದ್ದು.

ಮರ್ಯಾದೆಯ ಪ್ರಶ್ನೆಯೂ ಇದೆ. ವರ್ಷಾನುಗಟ್ಟಲೆ ಚೆಕ್‌ರೋಲ್ (ಕೆಲಸಗಾರರ ಹಾಜರಾತಿ ಪುಸ್ತಕ) ಬರೆದ ರೈಟರಿಗೆ, ಅಂದರೆ ತೋಟದ ಗುಮಾಸ್ತರಿಗೆ, ಸರಿಯಾದ ತರಬೇತಿಯಿಲ್ಲದೆ ಮೊಬೈಲ್ ಹಾಜರಾತಿಯನ್ನು ವಹಿಸಿ, ಅವರು ತಡವರಿಸಿದಾಗ ‘ಇವರಿಂದ ಆಗದು’ ಎನ್ನುವುದು ಅನ್ಯಾಯ. ಹಾಗೆಯೇ, ಕೆಲಸಗಾರರೆಲ್ಲರ ಎದುರು ಕಿರಿಯ ಮೇಲ್ವಿಚಾರಕನಿಗೆ ‘ನಿನಗೇನು ಗೊತ್ತು’ ಎಂದು ಗದರಿಸಿದರೆ ಆತ ಮುಂದಿನ ತಿಂಗಳೇ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಹೊಸಬರಿಗೆ ಹಳಬರಿಗಿಂತ ಹೆಚ್ಚು ಸಂಬಳ ಕೊಡುವುದಾದರೆ, ಅದರ ಕಾರಣವನ್ನು ಮಾಲೀಕರೇ ಹಿರಿಯರನ್ನು ಕೂರಿಸಿಕೊಂಡು ಹೇಳಬೇಕು. ಆ ಸಂಗತಿ ಕೆಲಸಗಾರರು ವಾಸಿಸುವ ಲೈನ್‌ಮನೆಗಳ ಮಾತಿನಿಂದ ಅವರ ಕಿವಿಗೆ ಬೀಳಬಾರದು.

ಆದ್ದರಿಂದ ಬೆಳೆಗಾರರ ಸಂಘಗಳು ಕಾಫಿ ಮಂಡಳಿಯ ಚೆಟ್ಟಳ್ಳಿ ಸಂಶೋಧನಾ ಉಪಕೇಂದ್ರದ ನೆರವಿನೊಂದಿಗೆ, ಒಂದೇ ತೋಟದ ಹಿರಿಯ ಮೇಸ್ತ್ರಿ ಹಾಗೂ ಕಿರಿಯ ಮೇಲ್ವಿಚಾರಕರು ಜೋಡಿಯಾಗಿ ಭಾಗವಹಿಸುವ ತರಬೇತಿಗಳನ್ನು ನಡೆಸಬೇಕೆಂದು ಕೋರುತ್ತೇನೆ. ಮಾಲೀಕರು ತಮ್ಮ ಮಟ್ಟಿಗೆ, ನಿವೃತ್ತಿ ಸಮೀಪಿಸಿದವರೊಂದಿಗೆ ಅವರ ಜಾಗಕ್ಕೆ ಬರುವವರನ್ನು ಒಂದು ಕೊಯ್ಲಿನಿಂದ ಮತ್ತೊಂದು ಕೊಯ್ಲಿನವರೆಗೆ ಕೆಲಸಕ್ಕೆ ಹಚ್ಚಿ, ಕಲಿಸುವ ಹೊಣೆ ಹೊತ್ತ ಹಿರಿಯರಿಗೆ ಆ ಅವಧಿಯಲ್ಲಿ ಪ್ರತ್ಯೇಕ ಭತ್ಯೆ ನೀಡಬೇಕು.

ತೋಟದ ಮೇಲ್ವಿಚಾರಕ,
ಸಿದ್ದಾಪುರ, ಕೊಡಗು