ಒಂಬತ್ತನೇ ತರಗತಿಯ ಸಂವಿಧಾನ ಚರ್ಚೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಸಂವಿಧಾನ ದಿನದ ಅಂಗವಾಗಿ ಒಂಬತ್ತನೇ ತರಗತಿಯಲ್ಲಿ ನಡೆದ ಚರ್ಚೆಯ ಬಗ್ಗೆ ನಿಮ್ಮಲ್ಲಿ ಹಲವರು ಬೇಸರ ತೋಡಿಕೊಂಡಿದ್ದೀರಿ. ಕೆಲವರು ಫೋನ್ ಮಾಡಿದ್ದೀರಿ, ಕೆಲವರು ಖುದ್ದಾಗಿ ಬಂದಿದ್ದೀರಿ. ಶಾಲೆಯೊಳಗೆ ರಾಜಕೀಯ ಬೇಡ ಎನ್ನುವುದು ಎಲ್ಲರ ಮಾತು. ಅದು ಮಕ್ಕಳ ಮೇಲಿನ ಕಾಳಜಿಯಿಂದ ಬಂದದ್ದು, ಅದಕ್ಕೆ ನನ್ನ ಗೌರವವಿದೆ.

ಸಂವಿಧಾನದ ಪೀಠಿಕೆಯಲ್ಲಿ 'ಸಮಾಜವಾದಿ', 'ಜಾತ್ಯತೀತ' ಎಂಬ ಪದಗಳು ಇರಬೇಕೇ ಬೇಡವೇ ಎನ್ನುವುದು ಅಂದಿನ ವಿಷಯ. ಯಾರು ಪರ, ಯಾರು ವಿರೋಧ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿದ್ದೆವು. ಆದ್ದರಿಂದ ನಿಮ್ಮ ಮಕ್ಕಳು ಆಡಿದ್ದು ಅವರವರ ಪಾಲಿಗೆ ಬಂದ ವಾದ. ಅದರಲ್ಲಿ ಶಿಕ್ಷಕಿಯ ಅಭಿಪ್ರಾಯವನ್ನು ಹುಡುಕಬೇಡಿ.

ಟಿವಿಯಲ್ಲಿ ನಡೆಯುವ ಜಗಳವನ್ನು ತರಗತಿಗೆ ಯಾಕೆ ತಂದಿರಿ ಎಂದು ಒಬ್ಬರು ಕೇಳಿದರು. ಈ ವಾದ ಟಿವಿಗಿಂತ ಹಳೆಯದು. 1948ರ ನವೆಂಬರ್‌ನಲ್ಲೇ, ಸಂವಿಧಾನವನ್ನು ರಚಿಸುತ್ತಿದ್ದ ಸಂವಿಧಾನ ಸಭೆಯಲ್ಲಿ, ಸದಸ್ಯ ಪ್ರೊ. ಕೆ.ಟಿ. ಶಾ ಅವರು ಈ ಪದಗಳನ್ನು ಸಂವಿಧಾನಕ್ಕೆ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜ ಯಾವ ಆರ್ಥಿಕ ದಾರಿ ಹಿಡಿಯಬೇಕೆಂದು ಮುಂದಿನ ಜನ ತಾವೇ ನಿರ್ಧರಿಸಲಿ, ಈಗಲೇ ಅವರ ಕೈ ಕಟ್ಟುವುದು ಬೇಡ ಎಂದರು. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, 42ನೇ ತಿದ್ದುಪಡಿಯ ಮೂಲಕ ಆ ಪದಗಳು ಪೀಠಿಕೆಗೆ ಬಂದವು. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಇದಿಷ್ಟೂ ತಿಳಿಯದೆ ಮಗು ಯಾವುದೇ ಪಕ್ಷ ವಹಿಸಿದರೂ ಅದು ಬರೀ ಕೂಗು.

ಅಂದು ಮಕ್ಕಳನ್ನು ಹಿಡಿದು ಕೂರಿಸಿದ್ದು ಮಾತ್ರ ಅದೇ ಸಭೆಯ 1949ರ ಅಕ್ಟೋಬರ್ 17ರ ಕಲಾಪ. ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಎಂದು ಸದಸ್ಯ ಎಚ್.ವಿ. ಕಾಮತ್ ಪಟ್ಟು ಹಿಡಿದಿದ್ದರು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಇನ್ನೊಬ್ಬ ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಆದರೂ ಮತ ಹಾಕಲಾಯಿತು: ಪರ 41, ವಿರೋಧ 68. ಕಪ್ಪುಹಲಗೆಯ ಮೇಲೆ ಆ ಎರಡು ಅಂಕಿ ಬರೆದಾಗ ತರಗತಿ ತಣ್ಣಗಾಯಿತು. ಆಮೇಲೆ, 'ಸೋತ 41 ಜನ ದೇಶದ್ರೋಹಿಗಳಾ ಮಿಸ್?' ಎಂದು ಒಬ್ಬ ಹುಡುಗ ಕೇಳಿದ. ಪಠ್ಯಪುಸ್ತಕ ಎಷ್ಟು ಸಲ ಓದಿಸಿದರೂ ಇಂಥ ಪ್ರಶ್ನೆ ಹುಟ್ಟುವುದಿಲ್ಲ.

2023ರ ಸರ್ಕಾರದ ತೀರ್ಮಾನದಂತೆ ನಾವು ಪೀಠಿಕೆ ಓದಿಸುತ್ತಿದ್ದೇವೆ. ಅದಕ್ಕೆ ನಿಮ್ಮಲ್ಲಿ ಯಾರೂ ಆಕ್ಷೇಪ ಎತ್ತಿಲ್ಲ, ಸಂತೋಷವೇ ಪಟ್ಟಿದ್ದೀರಿ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ದಿನಾ ಹೇಳುವ ಮಗು ಇವತ್ತಿನ ಸುದ್ದಿಯನ್ನು ಆ ಮಾತುಗಳ ಪಕ್ಕ ಇಟ್ಟು ನೋಡಿಯೇ ನೋಡುತ್ತದೆ. ನೋಡಬೇಡ ಎಂದು ನಾನು ಹೇಗೆ ಹೇಳಲಿ? ಹಾಗಾಗಿ ಚರ್ಚೆ ನಿಲ್ಲುವುದಿಲ್ಲ. ಹಾಗೆಂದು ನಿಮ್ಮ ಆತಂಕವನ್ನು ತಳ್ಳಿಹಾಕುತ್ತಲೂ ಇಲ್ಲ. ಯಾವ ಪಕ್ಷದ ಹೆಸರನ್ನೂ, ಈಗಿನ ಯಾವ ನಾಯಕರ ಹೆಸರನ್ನೂ ತರಗತಿಯಲ್ಲಿ ಎತ್ತುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇದೆ, ಮುಂದೆಯೂ ಇರುತ್ತದೆ. ಅದನ್ನು ಮೀರಿದರೆ ಕ್ರಮ ಕೈಗೊಳ್ಳುವವನು ನಾನೇ. ಮನೆಯಲ್ಲಿ ನೀವು ನಂಬಿದ್ದನ್ನು ಮಕ್ಕಳಿಗೆ ಹೇಳುವ ಹಕ್ಕು ನಿಮ್ಮದು, ಅದನ್ನು ಕಸಿಯುವ ಉದ್ದೇಶ ಶಾಲೆಗಿಲ್ಲ. ಆದರೆ ಚರ್ಚೆ ನಡೆದೇ ನಡೆಯುತ್ತದೆ.

ಮುಂದಿನ ಚರ್ಚೆ ನಮ್ಮವರೇ ಆದ ಕೆಂಗಲ್ ಹನುಮಂತಯ್ಯನವರ ಮಾತಿನ ಮೇಲೆ. ವೀಣೆಯೋ ಸಿತಾರೋ ಬೇಕೆಂದಿದ್ದ ನಮಗೆ ಇಂಗ್ಲಿಷ್ ಬ್ಯಾಂಡ್ ಸಿಕ್ಕಿತು ಎಂದು ಅವರು ಹೊಸ ಸಂವಿಧಾನವನ್ನು ಸಂವಿಧಾನ ಸಭೆಯಲ್ಲೇ ಕಟುವಾಗಿ ಟೀಕಿಸಿದ್ದರು. ಅವರೇ ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಬಿಡುವಿದ್ದವರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು. ದಿನಾಂಕವನ್ನು ಡೈರಿಯಲ್ಲಿ ಬರೆಸುತ್ತೇವೆ.

ಒಂದೇ ಕೋರಿಕೆ: ಅಂದಿನ ಚರ್ಚೆಯ ವಿಡಿಯೊ ತುಣುಕು ನಿಮ್ಮ ಫೋನಿನಲ್ಲಿದ್ದರೆ ದಯವಿಟ್ಟು ಅಳಿಸಿ, ಯಾರಿಗೂ ಕಳಿಸಬೇಡಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು